ಲಗಮಪ್ಪನ ಜಿಗಿತ

ಎಂಟು ವಾದ್ಯ ಬರುವವನಿಗೆ ನಮ್ಮ ಕಡೆ ಒಂದು ವಾದ್ಯವೂ ಸಿಗುವುದಿಲ್ಲ. ಕ್ಲಾರ್ನೆಟ್, ಕಾರ್ನೆಟ್, ಟ್ರಂಪೆಟ್, ಸ್ಯಾಕ್ಸೋಫೋನ್, ಕೊಳಲು, ಕ್ಯಾಸಿಯೊ, ಸೈಡ್ ಡ್ರಮ್, ಹಲಗೆ ಎಲ್ಲ ನನಗೆ ಬರುತ್ತವೆ. ಬರುತ್ತವೆ ಅಂದರೆ ಏನೋ ಕೈಯಾಡಿಸುತ್ತೇನೆ ಅಂತಲ್ಲ. ಆ ವಾದ್ಯದ ಆಳು ಪಕ್ಕದಲ್ಲೇ ನಿಂತಿದ್ದರೂ ನಾಚದೆ ನುಡಿಸುವಷ್ಟು ಬರುತ್ತವೆ. ಅದೇ ನನಗೆ ಮುಳುವಾಯಿತು.

ನಾವು ಸಂಪಗಾಂವದವರು. ಲಗಮಪ್ಪ ಬ್ರಾಸ್ ಬ್ಯಾಂಡ್ ಅಂದರೆ ಬೈಲಹೊಂಗಲದಿಂದ ರಾಮದುರ್ಗದ ತನಕ ಹೆಸರು. ಲಗಮಪ್ಪ ನನ್ನ ಅಜ್ಜ. ಅವನ ಕ್ಲಾರ್ನೆಟ್ ಸಿಗುವ ದಿನ ನೋಡಿಕೊಂಡು ಮುಹೂರ್ತ ಇಡಿಸಿದ ಮನೆಗಳಿವೆ. ಈಗ ಅವನ ಬಾಯಲ್ಲಿ ಹಲ್ಲಿಲ್ಲ. ಹಲ್ಲಿಲ್ಲದವನು ಕ್ಲಾರ್ನೆಟ್ ಊದಲಾರ. ಆ ಜಾಗಕ್ಕೆ ದೊಡ್ಡಪ್ಪ ಸತ್ಯಪ್ಪ ಬಂದ. ಅವನಾದ ಮೇಲೆ ಅವನ ಮಗ ಆಕಾಶ ಅಂತ ಆಗಲೇ ನಿಶ್ಚಯವಾಗಿದೆ, ಆಕಾಶನಿಗೆ ಉಸಿರು ಸಾಲದಿದ್ದರೂ. ನನ್ನ ಅಪ್ಪ ಲಕ್ಷ್ಮಣ ದೊಡ್ಡ ಡ್ರಮ್ ಹೊರುತ್ತಿದ್ದ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡ. ಆಮೇಲೆ ನನ್ನನ್ನು ಎಲ್ಲಿ ನಿಲ್ಲಿಸಬೇಕು ಅನ್ನುವ ಮಾತು ಬಂದಾಗ ದೊಡ್ಡಪ್ಪ ಒಂದೇ ಮಾತಿನಲ್ಲಿ ಮುಗಿಸಿದ.

"ಅಜ್ಯಾಗ ಎಲ್ಲಾ ಬರತೈತಿ. ಯಾರ ಬರಂಗಿಲ್ಲೋ ಅವರ ಜಾಗಾದಾಗ ನಿಲ್ಲತಾನ ತಗೋ."

ಅಜ್ಯಾ ಅಂದರೆ ನಾನು, ಅಜಿತ. ಹತ್ತು ವರ್ಷವಾಯಿತು, ನಾನು ಬಾರದವರ ಜಾಗದಲ್ಲೇ ನಿಂತಿದ್ದೇನೆ. ಎಂಟನೆಯ ಪರೀಕ್ಷೆಯೂ ಮದುವೆಯ ಸುಗ್ಗಿಯೂ ಒಂದೇ ತಿಂಗಳು ಬಂದವು. "ನಾಕ ದಿನಾ ಸಾಲಿ ತಪ್ಪಿದ್ರ ಏನ ಮುಳಗತೈತಿ" ಅಂದವರೇ ಮುಂದೆ ನನ್ನನ್ನು "ಸಾಲಿ ಬಿಟ್ಟಾವ" ಅಂತ ಕರೆದರು. ನಮ್ಮ ಬ್ಯಾಂಡಿಗೆ ಕೆಲಸ ಇಲ್ಲದ ದಿನ ಬೇರೆಯವರು ಫೋನ್ ಮಾಡುತ್ತಾರೆ. ಸವದತ್ತಿಯ ಬ್ಯಾಂಡಿನ ಕಾರ್ನೆಟ್ ನಂಬರ್ ಎರಡಕ್ಕೆ ಜ್ವರ, ರಾಮದುರ್ಗದ ಬ್ಯಾಂಡಿನ ಟ್ರಂಪೆಟ್ ನಂಬರ್ ಒಂದು ಮಾವನ ಮನೆಗೆ ಹೋಗಿ ತಿರುಗಿ ಬಂದಿಲ್ಲ. ಹೋದ ಕೂಡಲೇ ಆ ಬಾರದವನ ಕೋಟು ತೊಡಿಸುತ್ತಾರೆ. ತೋಳಿನ ಮೇಲೆ ಅವನ ನಂಬರು, ಕಿಸೆಯಲ್ಲಿ ಅವನ ತಂಬಾಕಿನ ಚೀಟಿ, ಕಂಕುಳಲ್ಲಿ ಅವನ ಬೆವರು. ಒಮ್ಮೆ ಮನೋಳಿಯಲ್ಲಿ ಮುಂಜಾನೆ ಹುಡುಗಿಯ ಕಡೆಯ ಬ್ಯಾಂಡಿನಲ್ಲಿ ಹಳದಿ ಕೋಟು, ಮಧ್ಯಾಹ್ನ ಹುಡುಗನ ಕಡೆಯ ಬ್ಯಾಂಡಿನಲ್ಲಿ ಕೆಂಪು ಕೋಟು ಹಾಕಿದ್ದೆ. ಒಬ್ಬ ಮುದುಕ ಹತ್ತಿರ ಬಂದು ದಿಟ್ಟಿಸಿ ನೋಡಿದ.

"ತಮ್ಮಾ, ನೀ ಯಾರ ಕಡಿಯಾಂವಪಾ?"

ನಾನು ಕೋಟಿನ ತೋಳಿನ ಮೇಲಿದ್ದ ನಂಬರು ತೋರಿಸಿದೆ.

ನನ್ನ ತಂಗಿ ಸಂಘಮಿತ್ರಾ ಕಾಲೇಜಿಗೆ ಹೋಗುತ್ತಾಳೆ. ಒಂದು ದಿನ ಮೊಬೈಲಿನಲ್ಲಿ ಅಮೆರಿಕದ ಯಾವುದೋ ಊರಿನ ಜಾಝ್ ಬ್ಯಾಂಡು ತೋರಿಸಿದಳು. ಕರಿಯ ಜನ, ಅಜ್ಜ, ಮಗ, ಮೊಮ್ಮಗ ಒಂದೇ ಮನೆಯವರು. ಹೆಣದ ಮುಂದೆಯೂ ಊದುತ್ತಾರೆ, ಮದುವೆಯ ಮುಂದೆಯೂ ಊದುತ್ತಾರೆ, ನಮ್ಮ ಹಾಗೆ ನಡು ರಸ್ತೆಯಲ್ಲಿ. ಮೊಮ್ಮಗನಿಗೆ ಆರು ವಾದ್ಯ ಬರುತ್ತವಂತೆ. "ಅವನ ಫೋಟೋ ಪೇಪರಿನಾಗ ಬಂದೈತಿ ನೋಡಣ್ಣಾ" ಅಂದಳು. "ಅಲ್ಲಿ ಆರ ಬಂದ್ರ ಫೋಟೋ. ಇಲ್ಲಿ ಎಂಟ ಬಂದ್ರ ಬಾಡಗಿ ಕೋಟ" ಅಂದೆ. ಅವಳು ಮೊಬೈಲು ಕಸಿದುಕೊಂಡು ಹೋದಳು.

ಹಾಗಾಗಿ ನಿಜಗುಣಪ್ಪ ಸರ್ ಕರೆದಾಗ ನಾನು ಓಡಿಹೋದೆ. ಅದನ್ನು ಮುಚ್ಚಿಡುವುದಿಲ್ಲ.

ನಿಜಗುಣಪ್ಪನವರು ರಿಟೈರ್ ಆದ ಸಂಗೀತ ಮಾಸ್ತರು. ಸವದತ್ತಿಯಲ್ಲಿ ತಮ್ಮ ಅಣ್ಣನ ಅಡತಿ ಅಂಗಡಿಯ ಮಾಳಿಗೆಯಲ್ಲಿ ವಾದ್ಯವೃಂದ ಕಟ್ಟಿಕೊಂಡಿದ್ದರು. ಹಾರ್ಮೋನಿಯಂ ಅವರದು, ತಬಲಾ ಬಸವಲಿಂಗ ಅನ್ನುವವನದು, ಮತ್ತೆ ಇಬ್ಬರು ಪಿಟೀಲಿನವರು. ಕಿತ್ತೂರಿನಲ್ಲಿ ಕಲಾಮೇಳ ಇತ್ತು. ಅಲ್ಲಿ ಗೆದ್ದ ತಂಡಕ್ಕೆ ವರ್ಷಪೂರ್ತಿ ಊರೂರಿನ ವೇದಿಕೆ. ಸರ್ ನನ್ನ ಸ್ಯಾಕ್ಸೋಫೋನು ಯಾವುದೋ ಮದುವೆಯಲ್ಲಿ ಕೇಳಿದ್ದರಂತೆ. ಖಾಯಂ ಜಾಗ ಕೊಡುತ್ತೇನೆ ಅಂದರು. ಕುರ್ಚಿ ಹಾಕಿ ಕೂರಿಸುತ್ತೇನೆ, ಕಾರ್ಯಕ್ರಮದ ಹಾಳೆಯಲ್ಲಿ ಹೆಸರು ಅಚ್ಚು ಹಾಕಿಸುತ್ತೇನೆ ಅಂದರು. ನಗಬೇಡಿ. ಬ್ಯಾಂಡಿನವನು ಹುಟ್ಟಿದಾರಭ್ಯ ನಿಂತೇ ಬಾರಿಸುತ್ತಾನೆ, ಇಲ್ಲವೇ ನಡೆಯುತ್ತ. ಕುರ್ಚಿ ಅಂದಾಗ ದುಡ್ಡು ಎಷ್ಟು ಅಂತ ಕೇಳುವುದನ್ನೂ ಮರೆತೆ.

"ಒಂದ ಐಟಂ ನಿಮ್ಮ ಮನಿತನದ್ದ ಇರಲಿ. ಆ ನಿಮ್ಮ ಅಜ್ಜನ ಕುಣಿತದ್ದು. ಜನಾ ಕೇಳತಾರ" ಅಂದರು ಸರ್.

ಅದು ಯಾವುದು ಅಂತ ನಾಲ್ಕು ತಾಲೂಕಿಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಹಳೆಯ ಮರಾಠಿ ಧಾಟಿ. ನಾಲ್ಕು ಸಾಲು, ಸಾಲಿಗೆ ಎಂಟು ಮಾತ್ರೆ. ನಾಲ್ಕನೇ ಸಾಲಿನಲ್ಲಿ ಮಾತ್ರ ಏಳಕ್ಕೇ ಮುಗಿದು ಮೊದಲನೇ ಸಾಲು ಎದ್ದುಬಿಡುತ್ತದೆ. ಎಂಟನೆಯ ಹೆಜ್ಜೆ ಇಡಲು ನೆಲವೇ ಇರುವುದಿಲ್ಲ. ಆದ್ದರಿಂದ ಕುಣಿಯುವವರೆಲ್ಲ ಅಲ್ಲಿ ಜಿಗಿಯುತ್ತಾರೆ. ಲಗಮಪ್ಪನ ಜಿಗಿತ ಅಂತಲೇ ಅದಕ್ಕೆ ಹೆಸರು. ಬೇರೆ ಬ್ಯಾಂಡಿನವರು ನುಡಿಸಿದರೆ ಡ್ರಮ್ಮಿನವನು ಎಡವುತ್ತಾನೆ. ಅದು ನಮ್ಮ ಅಜ್ಜನ ತಲೆಯಿಂದ ಬಂದ ಕಸುಬು ಅಂತ ನಾವು ಎದೆ ಉಬ್ಬಿಸುತ್ತಿದ್ದೆವು.

ಮಾಳಿಗೆಯಲ್ಲಿ ನುಡಿಸಿದೆ. ಬಸವಲಿಂಗನ ಕೈ ಗಾಳಿಯಲ್ಲಿ ನಿಂತಿತು.

"ಒಂದ ಮಾತ್ರಿ ಎಲ್ಲಿ ಹೋತಪಾ?" ಅಂದರು ಸರ್.

"ಬಸ್ಸಿನಾಗ ಬಿದ್ದಿರಬೇಕ್ರಿ ಸರ್. ಕಂಡಕ್ಟರ್‌ಗೆ ಕೇಳೋಣು" ಅಂದ ಬಸವಲಿಂಗ. ಪಿಟೀಲಿನವರು ನಕ್ಕರು.

"ಅದು ಹಂಗ ಐತ್ರಿ. ಅಜ್ಜ ಮಾಡಿದ್ದು" ಅಂದೆ.

ಸರ್ ಮೊಬೈಲು ತೆಗೆದು ಹುಡುಕಿ ನನ್ನ ಮುಂದೆ ಹಿಡಿದರು. ಹಳೆಯ ರೆಕಾರ್ಡು, ಯಾರೋ ಹೆಂಗಸಿನ ದನಿ, ಅದೇ ಧಾಟಿ. ನಾಲ್ಕನೇ ಸಾಲು ಬಂತು. ಐದು, ಆರು, ಏಳು, ಎಂಟು. ಎಂಟನೆಯದು ಅಲ್ಲೇ ಇತ್ತು, ಕಾಲು ಚಾಚಿ ಆರಾಮ ಕುಳಿತಿತ್ತು.

"ನಿಮ್ಮ ಅಜ್ಜ ಕೇಳಿದ ರೆಕಾರ್ಡಿಗೆ ಗೀರು ಬಿದ್ದಿರಬೇಕು. ಮುಳ್ಳು ಅಲ್ಲಿ ಹಾರೇತಿ. ಹಾರಿದ್ದನ್ನ ನೀವು ಮೂರು ತಲಿಮಾರು ಊದಾಕ ಹತ್ತೀರಿ" ಅಂದರು ಸರ್. ಅವರ ದನಿಯಲ್ಲಿ ಕೆಡುಕು ಇರಲಿಲ್ಲ, ಅದಕ್ಕೇ ಇನ್ನೂ ಉರಿಯಿತು. "ತಪ್ಪೇನಿಲ್ಲ. ಪಾಠ ಇಲ್ಲದ ಕಲಿಕಿ ಹಿಂಗ ಆಗತೈತಿ. ತಿದ್ದಿಕೊಂಡು ಬಾ. ಎಂಟ ಬಾರಿಸಿದ್ರ ಕುರ್ಚಿ ನಿಂದು. ಏಳ ಬಾರಿಸಿದ್ರ ನನ್ನ ತಂಡ ಕಿತ್ತೂರಿನಾಗ ನಗೆಪಾಟಲ ಆಗತೈತಿ."

ಮನೆಗೆ ಬಂದು ಅಂಗಳದಲ್ಲಿ ನಿಂತು ಒದರಿದೆ. ದೊಡ್ಡಪ್ಪ ಮೊದಲು ಬಾಗಿಲು ಹಾಕಿದ.

"ಸಣ್ಣ ದನೀಲೆ ಮಾತಾಡಲೇ. ಸವದತ್ತಿ ಬ್ಯಾಂಡಿನಾವ್ರ ಕಿವಿಗೆ ಬಿದ್ರ ಮುಗೀತು. ಲಗಮಪ್ಪನ ಜಿಗಿತ ಅಲ್ಲ, ಲಗಮಪ್ಪನ ಗೀರು ಅಂತಾರ. ಆ ಸರ್ ಹೇಳಿದಂಗ ಎಂಟ ಬಾರಿಸಿ ಕುರ್ಚಿ ಹಿಡಕೋ."

"ಅಜ್ಜಗ ಗೊತ್ತಿಲ್ಲೇನು ಇದು?"

ಅಜ್ಜ ಬುದ್ಧನ ಫೋಟೋದ ಕೆಳಗೆ ಗೋಡೆಗೆ ಒರಗಿ ಅಡಿಕೆ ಕುಟ್ಟುತ್ತಿದ್ದ. ಕುಟ್ಟುವುದನ್ನು ನಿಲ್ಲಿಸದೆ ಹೇಳಿದ.

"ಗೊತ್ತಿತ್ತಪಾ. ಎರಡನೇ ವರ್ಷಾನ ಗೊತ್ತಾತು."

ದೊಡ್ಡಪ್ಪನ ಬಾಯಿ ತೆರೆದಿತ್ತು. ಅವನಿಗೂ ಈ ಮಾತು ಹೊಸದು.

"ಬೈಲಹೊಂಗಲದಾಗ ಒಂದ ಚಾದ ಹೋಟೆಲ್ ಇತ್ತು. ಒಳಗ ರೆಕಾರ್ಡ್ ಹಚ್ಚತಿದ್ರು. ನಮ್ಮನ್ನ ಒಳಗ ಬಿಡತಿದ್ದಿಲ್ಲ. ಕಟ್ಟಿ ಕೆಳಗ ನಿಂತು ಕೇಳಿ ಕಲತೆ. ಗೀರು ಬಿದ್ದಿದ್ದು ಕಟ್ಟಿ ಕೆಳಗ ಹ್ಯಾಂಗ ಕಾಣಬೇಕು? ಮುಂದ ರಾಮದುರ್ಗದಾಗ ಇನ್ನೊಂದ ರೆಕಾರ್ಡ್ ಕೇಳಿದೆ. ಅದರಾಗ ಎಂಟ ಇತ್ತು."

"ಮತ್ತ ಯಾಕ ತಿದ್ದಲಿಲ್ಲ?"

ಅಜ್ಜ ಕುಟ್ಟಿದ ಅಡಿಕೆಯನ್ನು ಬಾಯಿಗೆ ಹಾಕಿಕೊಂಡ. ಒಸಡಿನಲ್ಲೇ ನುರಿಸಿದ.

"ಮನೋಳ್ಯಾಗ ಸಾವ್ಕಾರ ಮದುವಿ. ನಮ್ಮಪ್ಪ ಅದ ಮನಿ ಮುಂದ ಹಲಗಿ ಬಾರಿಸಿದಾಂವ. ಅವರು ನೆಲಾ ನೋಡು ಅಂದ್ರ ನೆಲಾ ನೋಡತಿದ್ದ. ನಾ ಹಲಗಿ ಬಿಟ್ಟು ಕ್ಲಾರ್ನೆಟ್ ಹಿಡದ್ರೂ ಅವರು ಕ್ಲಾರ್ನೆಟ್ ನೋಡತಿದ್ರು, ನನ್ನ ನೋಡತಿದ್ದಿಲ್ಲ. ಅವತ್ತ ಇದನ್ನ ಬಾರಿಸಿದೆ. ಕುಣ್ಯಾಂವ ಸಾವ್ಕಾರನ ತಮ್ಮ, ಎಂಟನೇ ಹೆಜ್ಜಿ ಇಟ್ಟ, ಧೊಪ್ಪಂತ ಬಿದ್ದ. 'ಸೀದಾ ಬಾರಿಸಲೇ' ಅಂದ. 'ಇದು ಹಿಂಗ ಐತ್ರಿ ಸಾವ್ಕಾರ್ರ' ಅಂದೆ. ಮತ್ತ ಹಿಡದೆ. ಎರಡನೇ ಸುತ್ತಿಗೆ ಎಲ್ಲಾರೂ ನನ್ನ ಹೆಗಲ ನೋಡಾಕ ಹತ್ತಿದ್ರು. ಹೆಗಲ ಎತ್ತಿದಾಗ ಜಿಗದ್ರು. ಜಿಗಿಬೇಕಂದ್ರ ನನ್ನ ಮಾರಿ ನೋಡಬೇಕಾತು. ಆ ಮ್ಯಾಲ ಯಾವಂಗ ತಿದ್ದೂ ಮನಸ ಬರತೈತಿ?"

ಅಷ್ಟು ಹೇಳಿ ಮತ್ತೆ ಒರಳಿಗೆ ಅಡಿಕೆ ಹಾಕಿದ. ದೊಡ್ಡಪ್ಪ ಅಂಗಳದಲ್ಲಿ ಎರಡು ಸುತ್ತು ಹಾಕಿ, "ಆವಾಗಿಂದ ಆವಾಗ. ಈಗ ಕುರ್ಚಿ ಹೋಗತೈತಿ" ಅಂದ.

ನಾನು ಇಲ್ಲಿ ಸುಳ್ಳು ಬರೆಯಬಹುದು. ಆ ಕ್ಷಣವೇ ಎದ್ದುನಿಂತೆ, ಏಳನ್ನೇ ಬಾರಿಸುತ್ತೇನೆ ಅಂದೆ ಅಂತ. ಹಾಗೇನೂ ಆಗಲಿಲ್ಲ. ಕುರ್ಚಿ ನನಗೆ ಬೇಕಿತ್ತು. ಅಚ್ಚಿನಲ್ಲಿ ಹೆಸರು ಬೇಕಿತ್ತು. ಅಜ್ಜನ ಮುಖ ನೋಡಿದರು, ಸರಿ; ನನ್ನ ಮುಖ ಯಾರು ನೋಡಿದ್ದಾರೆ? ಇಪ್ಪತ್ತು ದಿನ ಬಸ್ಸಿನಲ್ಲಿ ಸವದತ್ತಿಗೆ ಹೋಗಿ ಎಂಟನ್ನು ಕಲಿತೆ. ನನಗೆ ಎಂಟು ಕಷ್ಟವೇ? ಕಷ್ಟವಿದ್ದದ್ದು ಹೆಗಲಿಗೆ. ಅದು ಏಳಕ್ಕೆ ತಾನಾಗಿಯೇ ಎದ್ದುಬಿಡುತ್ತಿತ್ತು. ಬಸವಲಿಂಗ ತಬಲಾ ಬಿಟ್ಟು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ಒತ್ತಿ ಹಿಡಿಯುತ್ತಿದ್ದ. "ಕುಂಡ್ರು ಮಗನ, ಕುಂಡ್ರು" ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕೆ. ಆ ನಗುವಿಗಾಗಿ ನನಗೆ ಈಗಲೂ ನನ್ನ ಮೇಲೆ ಸಿಟ್ಟಿದೆ.

ಕಡೆಗೆ ಹೆಗಲು ಕೂತಿತು. ಹಾಳೆ ಅಚ್ಚಾಗಿ ಬಂತು. "ಸ್ಯಾಕ್ಸೋಫೋನ್: ಅಜಿತ, ಸಂಪಗಾಂವ." ಅವ್ವನಿಗೆ ತೋರಿಸಿದೆ. ಅವ್ವ ಮರೆವ್ವನಿಗೆ ಓದಲು ಬರುವುದಿಲ್ಲ. ಹೆಸರು ಇರುವ ಜಾಗದ ಮೇಲೆ ಬೆರಳಾಡಿಸಿ, "ಇದರಾಗ ನೀ ಯಾರ ಬದಲಿ?" ಅಂತ ಕೇಳಿದಳು.

"ಯಾರ ಬದಲೀನೂ ಅಲ್ಲಬೇ. ನಾನ."

ಕಿತ್ತೂರಿನ ಕೋಟೆಯ ಹತ್ತಿರ ಬಯಲಿನಲ್ಲಿ ಪೆಂಡಾಲು. ಮಧ್ಯಾಹ್ನ ನಾಲ್ಕರ ಬಿಸಿಲು. ಮುಂದೆ ಆಮಂತ್ರಿತರಿಗೆ ಸೋಫಾ, ಅದರ ಹಿಂದೆ ಪ್ಲಾಸ್ಟಿಕ್ ಕುರ್ಚಿ, ಅದರ ಹಿಂದೆ ಬಿದಿರು ಕಟ್ಟಿ ನಿಂತುಕೊಳ್ಳುವವರ ಜಾಗ. ಸಂಪಗಾಂವದಿಂದ ಒಂದು ಟೆಂಪೋ ತುಂಬ ಜನ ಬಂದು ಅಲ್ಲೇ ನಿಂತಿದ್ದರು. ಅವ್ವ, ಸಂಘಮಿತ್ರಾ, ದೊಡ್ಡಪ್ಪ, ಆಕಾಶ, ಓಣಿಯ ಜನ. ಮಂಡಿನೋವಿನ ಅಜ್ಜ ಬಂದಿರಲಿಲ್ಲ. ನಮ್ಮವರಷ್ಟೇ ಅಲ್ಲ, ಬೈಲಹೊಂಗಲದವರು, ರಾಮದುರ್ಗದವರು, ಯಾವ ಯಾವುದೋ ಮದುವೆಗಳಲ್ಲಿ ನಮ್ಮ ಮುಂದೆ ಕುಣಿದವರು.

ನಾನು ಕುರ್ಚಿಯ ಮೇಲೆ ಕುಳಿತೆ. ಹೇಗಿತ್ತು ಅಂತ ಕೇಳಬೇಡಿ, ಬಹಳ ಚೆನ್ನಾಗಿತ್ತು.

ಎರಡು ಐಟಂ ಮುಗಿದು ಮೂರನೆಯದು ನಮ್ಮ ಮನೆತನದ್ದು. ಧಾಟಿ ಎತ್ತಿದ ಕೂಡಲೇ ಬಿದಿರಿನ ಹಿಂದಿನಿಂದ ಸಿಳ್ಳೆ. ಜನ ಕುಣಿಯತೊಡಗಿದರು. ಒಂದನೇ ಸಾಲು, ಎರಡನೇ ಸಾಲು, ಮೂರನೇ ಸಾಲು. ನಾಲ್ಕನೆಯದರಲ್ಲಿ ನಾನು ಐದು, ಆರು, ಏಳು, ಎಂಟು ಅಂತ ನೀಟಾಗಿ ಬಾರಿಸಿದೆ. ಹೆಗಲು ಅಲುಗಲಿಲ್ಲ.

ಹಿಂದೆ ಇದ್ದವರೆಲ್ಲ ಏಳಕ್ಕೆ ಜಿಗಿದರು.

ಜಿಗಿದವರು ಇಳಿಯುವಾಗ ಕೆಳಗೆ ತಾಳ ಇರಲಿಲ್ಲ. ಒಬ್ಬರ ಮೇಲೊಬ್ಬರು ಬಿದ್ದರು. ಬಿದಿರು ಲಟಕ್ ಅಂದಿತು. ಸೋಫಾದವರು ತಿರುಗಿ ನೋಡಿ ನಕ್ಕರು. ಬಿಲ್ಲೆ ಸಿಕ್ಕಿಸಿಕೊಂಡ ಒಬ್ಬ ಕಾರ್ಯಕರ್ತ, "ಏ ಹಿಂದಿನವ್ರ, ತಾಳ ಬರಲಿಲ್ಲಂದ್ರ ಸುಮ್ನ ನಿಂದರ್ರಿ" ಅಂತ ಕೂಗಿದ. ನನ್ನ ಅವ್ವ ಕಂಬ ಹಿಡಿದುಕೊಂಡು ನಿಂತಿದ್ದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಅವಳಿಗೆ ನಾಚಿಕೆಯಾಗಿತ್ತು. ತಾನೇ ತಪ್ಪಿದೆ ಅಂದುಕೊಂಡಿದ್ದಳು. ಇಷ್ಟು ವರ್ಷ ತಪ್ಪದ ಕಾಲು ಇವತ್ತು ತಪ್ಪಿತು ಅಂತ ಕೆಳಗೆ ಬಗ್ಗಿ ತನ್ನ ಕಾಲನ್ನೇ ನೋಡುತ್ತಿದ್ದಳು.

ನನ್ನ ಎಂಟು ಸರಿಯಾಗಿತ್ತು. ಅದಕ್ಕೆ ನಮ್ಮ ಜನ ತಪ್ಪಾದರು.

ಎರಡನೇ ಸುತ್ತು ಹಿಡಿದೆ. ನಾಲ್ಕನೇ ಸಾಲಿನ ಏಳಕ್ಕೆ ಕುರ್ಚಿಯಿಂದ ಎದ್ದು, ಹೆಗಲೆತ್ತಿ, ಮೊದಲನೇ ಸಾಲಿಗೆ ನುಗ್ಗಿದೆ. ಬಸವಲಿಂಗನ ಎಂಟನೆಯ ಏಟು ಒಂಟಿಯಾಗಿ ಬಿತ್ತು. ಹಾರ್ಮೋನಿಯಂ ಒಂದು ಮಾತ್ರೆ ಹಿಂದೆ ಉಳಿಯಿತು. ಪಿಟೀಲಿನವರು ಯಾರ ಹಿಂದೆ ಹೋಗಬೇಕೆಂದು ತಿಳಿಯದೆ ಕಮಾನು ಎತ್ತಿದರು. ಬಿದಿರಿನ ಹಿಂದೆ ಕುಣಿಯುವುದನ್ನು ನಿಲ್ಲಿಸಿದ್ದ ಜನ ಒಮ್ಮೆಲೇ ತಲೆಯೆತ್ತಿದರು. ಅಷ್ಟರಲ್ಲಿ ನಿಜಗುಣಪ್ಪ ಸರ್ ಕೈ ಮೇಲೆ ಮಾಡಿ ಎಲ್ಲವನ್ನೂ ನಿಲ್ಲಿಸಿದರು.

ಅವರು ನನ್ನ ಹತ್ತಿರ ಬಾಗಿದರು. ಸಿಟ್ಟಿಗೆ ಮುಖ ಕಪ್ಪಾಗಿತ್ತು. ಆದರೆ ಮಾತು ಮೆಲ್ಲಗೆ ಬಂತು.

"ಏನ ಮಾಡಿದಿ ಇದು? ಹೋಗಲಿ. ಮೈಕಿನಾಗ 'ತಪ್ಪಾತು' ಅಂತ ಒಂದ ಮಾತ ಹೇಳು. ಪರೀಕ್ಷಕರು ನಮ್ಮವ್ರ ಅದಾರ, ಮತ್ತ ಮೊದಲಿಂದ ಹಿಡಿಯೋಣು. ನಿನ್ನ ಕುರ್ಚಿ ನಿನಗ ಇರತೈತಿ. ಹೇಳಲಿಲ್ಲಂದ್ರ ಈಗ ಇಳದ ಹೋಗು."

"ಹೇಳತೇನ್ರಿ" ಅಂದೆ.

ಮೈಕು ಹಿಡಿದೆ. ಊದುವುದು ಬರುತ್ತದೆ, ಮಾತಾಡುವುದು ನನಗೆ ಬರುವುದಿಲ್ಲ. ಸೋಫಾದವರು ಕಾಯುತ್ತಿದ್ದರು.

"ನಾ ಅಜಿತ. ಸಂಪಗಾಂವದ ಲಗಮಪ್ಪನ ಮೊಮ್ಮಗ. ನಮ್ಮ ಅಜ್ಜ ಇದನ್ನ ಹೋಟೆಲಿನ ಹೊರಗ ನಿಂತು ಕಲತಾನ. ರೆಕಾರ್ಡಿಗೆ ಗೀರು ಬಿದ್ದಿತ್ತು, ಖರೇ. ಒಳಗ ಬಿಟ್ಟಿದ್ರ ಗೀರು ಕಾಣತಿತ್ತು." ಎಲ್ಲೋ ಯಾರೋ ಕೆಮ್ಮಿದರು. "ಎಂಟ ಮಾತ್ರಿ ನನಗ ಬರತೈತ್ರಿ. ಈಗ ಮೊದಲನೇ ಸುತ್ತಿನಾಗ ಕೇಳೀರಿ. ಏಳ ನಾ ಬೇಕಂತನ ಬಾರಿಸೀನಿ. ಹಿಂದ ಜಿಗದಾವ್ರದ ಏನೂ ತಪ್ಪಿಲ್ಲ. ಯವ್ವಾ, ನಿನ್ನ ಕಾಲ ಬರೋಬ್ಬರಿ ಅದಾವ. ತಪ್ಪಾಗಿದ್ದು ನಂದು, ಮೊದಲನೇ ಸುತ್ತಿನಾಗ."

ಮೈಕಿನ ವಯರು ಕಿತ್ತರು. ಕಾರ್ಯಕರ್ತರಿಬ್ಬರು ಮೆಟ್ಟಿಲ ಹತ್ತಿರ ಬಂದರು, ನಾನೇ ಇಳಿದೆ. ಹಿಂದಿನಿಂದ ಸರ್ ಹೇಳಿದ್ದು ಕೇಳಿತು. "ಇನ್ನ ಯಾವ ವೇದಿಕಿ ಮ್ಯಾಲೂ ನಿನಗ ಜಾಗಾ ಸಿಗದಂಗ ಮಾಡತೇನಿ ನೋಡು." ಅವರು ಮಾಡಬಲ್ಲವರು. ಮಾಡಿಯೂ ಮಾಡಿದರು, ಅದು ಆಮೇಲಿನ ಮಾತು. ಬಸವಲಿಂಗ ಮಾತ್ರ ತಲೆ ಬಗ್ಗಿಸಿ ಬೆರಳಲ್ಲಿ ತೊಡೆಯ ಮೇಲೆ ಏನೋ ಎಣಿಸುತ್ತಿದ್ದ.

ಟೆಂಪೋದ ಹತ್ತಿರ ದೊಡ್ಡಪ್ಪ ಕಾಯುತ್ತಿದ್ದ.

"ಬುದ್ಧಿ ಐತೇನ್ ನಿನಗ? ಮನಿತನದ ಗೀರು ಊರ ಮುಂದ ಒದರಿದಿ. ನಾಳೆ ಮುಂಜಾನಿ ಸರ್ ಮನಿಗಿ ಹೋಗಿ ಕಾಲ ಹಿಡಿ."

"ನಾಳೆ ನನಗ ಕೆಲಸ ಐತಿ ದೊಡ್ಡಪ್ಪಾ."

"ಯಾರ ಬದಲಿ ಹೊಂಟಿ?"

"ಯಾರ ಬದಲೀನೂ ಹೋಗಂಗಿಲ್ಲ. ನಿನ್ನ ಬ್ಯಾಂಡಿನಾಗೂ ಇಲ್ಲ, ಸವದತ್ತಿದರಾಗೂ ಇಲ್ಲ. ನಾ ಬ್ಯಾಂಡ್ ಕಟ್ಟತೇನಿ. ಮುಂದ ನಾ ನಿಲ್ಲತೇನಿ."

ಆಕಾಶ ನಕ್ಕ. "ಹಿಂದ ಯಾರ ನಿಲ್ಲತಾರೋ?"

ಅವ್ವ ಟೆಂಪೋದ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಮ್ಮಿಬ್ಬರ ಮಾತು ಕೇಳುತ್ತಿದ್ದಳು. "ಏ ಆಕಾಶ, ನೀ ಮೊದಲ ಉಸರ ಹಿಡಿಯೂದ ಕಲಿ" ಅಂದು ಒಳಗೆ ಹೋಗಿ ಕುಳಿತಳು. ದೊಡ್ಡಪ್ಪ ಬಾಗಿಲು ತೆರೆದು ಹಿಡಿದುಕೊಂಡೇ ನಿಂತಿದ್ದ. ನಾನು ಹತ್ತಲಿಲ್ಲ. ಸ್ಯಾಕ್ಸೋಫೋನಿನ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಬೈಲಹೊಂಗಲದ ಬಸ್ಸು ಹೊರಡಲು ನಿಂತಿತ್ತು. ಬೈಲಹೊಂಗಲದಲ್ಲಿ ಸುಭಾಸ ಅಂತ ಒಬ್ಬನಿದ್ದಾನೆ. ಸೈಡ್ ಡ್ರಮ್ಮಿನಲ್ಲಿ ಅಂಥ ಕೈ ನಾನು ನೋಡಿಲ್ಲ. ಮೂರು ವರ್ಷದ ಹಿಂದೆ ದೊಡ್ಡಪ್ಪನ ಜೊತೆ ಜಗಳವಾಡಿ ಬ್ಯಾಂಡು ಬಿಟ್ಟ, ಈಗ ಆಟೋ ಓಡಿಸುತ್ತಾನೆ. ಕಿಟಕಿಯ ಪಕ್ಕ ಕುಳಿತು ಫೋನ್ ಮಾಡಿದೆ.

"ಏ ಸುಭಾಸಾ, ಡ್ರಮ್ ಮಾರಿದೇನು?"

"ಯಾರ ತಗೋತಾರೋ ಅದನ್ನ? ಅಟ್ಟದ ಮ್ಯಾಲ ಬಿದ್ದೈತಿ. ಹೆಣ್ತಿ ಅದರಾಗ ಹಳೇ ಸೀರಿ, ಅರಬಿ ತುಂಬ್ಯಾಳ. ಯಾಕ?"

"ಅರಬಿ ತಗದು ಕೆಳಗ ಇಳಸು. ನಾ ಬರಾಕ ಹತ್ತೇನಿ."